ಎರಡು ಗೇರ್ ಬಾಕ್ಸ್, ಒಂದೇ ಕಾಯಿಲೆ: ಒಂದು ಹಳೆ ಜೀಪಿನ ಪ್ರಕರಣ

ಹಳೆ ಗಾಡಿ ಕೆಲಸಕ್ಕೆ ಹೊಸದಾಗಿ ಕೈ ಹಾಕುವ ಹುಡುಗರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಊರು, ಗಾಡಿ ನಂಬರು ಬಿಟ್ಟಿದ್ದೇನೆ; ನಮ್ಮ ಶೆಡ್ಡಿನಲ್ಲಿ ಜೊತೆಗೆ ದುಡಿದವರ ಹೆಸರೂ ಇಲ್ಲಿಲ್ಲ. ಅಳತೆ, ಖರ್ಚು, ನಾವು ಮಾಡಿದ ತಪ್ಪು ಇವು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಹಿನ್ನೆಲೆ

ಮಾಲೀಕರು ಮಂಡ್ಯ ಜಿಲ್ಲೆಯವರು, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ರೈತರು. ಜೀಪು ಅವರ ತಂದೆಯ ಕಾಲದ್ದು. 1968ರಲ್ಲಿ ಮೊದಲ ನೋಂದಣಿಯಾದ ಮಹೀಂದ್ರ ಸಿಜೆ-3ಬಿ, 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್, 80 ಇಂಚಿನ ವೀಲ್‌ಬೇಸ್. ಗೇರ್ ಬಾಕ್ಸ್ ಟಿ-90, ಮೂರೇ ಗೇರು. ಎರಡು ಮತ್ತು ಮೂರಕ್ಕೆ ಸಿಂಕ್ರೋ (ಹಲ್ಲು ಕೂಡುವ ಮೊದಲು ವೇಗ ಸಮ ಮಾಡುವ ಭಾಗ) ಇದೆ, ಒಂದಕ್ಕೆ ಇಲ್ಲ. ಹಾಗಾಗಿ ಗಾಡಿ ನಿಂತ ಮೇಲೆಯೇ ಒಂದನೇ ಗೇರಿಗೆ ಹಾಕಬೇಕು, ಇಲ್ಲವೆ ಎರಡು ಸಲ ಕ್ಲಚ್ ಒತ್ತಿ ಗೇರು ಬದಲಿಸುವ ಡಬಲ್ ಕ್ಲಚ್ ಗೊತ್ತಿರಬೇಕು. ಗೇರ್ ಬಾಕ್ಸಿನ ಬೆನ್ನಿಗೇ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿರುತ್ತದೆ. ಬಾಕ್ಸಿನ ಮೇನ್ ಶಾಫ್ಟಿನ ಹಿಂದಿನ ತುದಿ ಅದರೊಳಕ್ಕೆ ಹೋಗಿ ಒಂದು ನಟ್ಟಿನಲ್ಲಿ ಬಿಗಿಯಾಗುತ್ತದೆ.

ತಂದೆ ಇರುವವರೆಗೆ ಜೀಪು ಗದ್ದೆ, ಆಲೆಮನೆ, ಸಂತೆ ಎಂದು ಓಡಾಡಿಕೊಂಡಿತ್ತು. ಮಗನ ಕೈಗೆ ಬಂದ ಮೇಲೆ ಅದಕ್ಕೆ ಅಗಲದ ಟೈರು ಬಂತು, ಕಾರ್ಬ್ಯುರೇಟರ್ ಹೊಸದಾಯಿತು, ಎಂಜಿನ್ ಹೆಡ್ ಬಿಚ್ಚಿ ವಾಲ್ವ್ ಕೆಲಸ ಆಯಿತು. ಗಾಡಿ ಗಟ್ಟಿಯಾಗಿ ಎಳೆಯುತ್ತಿತ್ತು. ಬ್ರೇಕು ಮಾತ್ರ ಅದೇ ಹಳೆಯ ಡ್ರಮ್ಮು, ನಾಲ್ಕು ಚಕ್ರಕ್ಕೂ ಒಂದೇ ಲೈನು. ಇಂಥ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿಯುವುದು ಬ್ರೇಕಲ್ಲ, ಗೇರು.

ಮಾರ್ಚಿನಲ್ಲಿ ವೈರಮುಡಿ ಮುಗಿಸಿಕೊಂಡು ಮೇಲುಕೋಟೆಯಿಂದ ಇಳಿಯುವಾಗ ಆ ಗೇರೇ ಕೈ ಕೊಟ್ಟಿತು. ಹಿಂದೆ ಅವರ ತಾಯಿ, ಹೆಂಡತಿ, ಇಬ್ಬರು ಮಕ್ಕಳು. "ಸೆಕೆಂಡಲ್ಲಿ ಇಳಿಸ್ತಿದ್ದೆ ಕಣಣ್ಣ, ಟಪ್ ಅಂತ ನ್ಯೂಟ್ರಲ್‌ಗೆ ಬಂದ್ಬುಡ್ತು. ಒಂದ್ಸಲ ಅಲ್ಲ, ಮೂರು ಸಲ. ಆಮೇಲೆ ಲಿವರ್ ಅದುಮಿ ಹಿಡ್ಕೊಂಡೇ ಕೆಳಗಿನ ತನ್ಕ ಬಂದೆ" ಎಂದರು. ಸ್ಟೇರಿಂಗಿಗೆ ಒಂದೇ ಕೈ, ಎಡಗೈ ಪೂರ್ತಿ ಲಿವರಿನ ಮೇಲೆ, ಹಿಂದೆ ತುಂಬು ಕುಟುಂಬ. ಕೇಳುವಾಗಲೇ ನನಗೆ ಮೈ ಬಿಸಿಯಾಯಿತು. ಅದಕ್ಕೂ ಮೊದಲೇ ಬಯಲಿನ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಆಗೊಮ್ಮೆ ಈಗೊಮ್ಮೆ ಹೀಗೆ ಆಗುತ್ತಿತ್ತಂತೆ. ಎರಡು ವರ್ಷದಿಂದ ಅದಕ್ಕೆ ಒಗ್ಗಿಕೊಂಡುಬಿಟ್ಟಿದ್ದರು.

ಮೊದಲು ಮಾಡಿದ್ದು

ಮೈಸೂರಿನ ನಮ್ಮ ಶೆಡ್ಡಿಗೆ ಗಾಡಿ ಬಂದದ್ದು ಬೇಸಿಗೆಯಲ್ಲಿ. ಅಗ್ಗದ ಕೆಲಸದಿಂದ ಶುರು ಮಾಡಿದೆವು. ಬಾಕ್ಸಿನ ಮೇಲಿನ ಕವರ್ ಬಿಚ್ಚಿದರೆ ಗೇರನ್ನು ಜಾಗದಲ್ಲಿ ಹಿಡಿದಿಡುವ ಸಣ್ಣ ಗುಂಡು, ಸ್ಪ್ರಿಂಗು ಸಿಗುತ್ತವೆ. ಸ್ಪ್ರಿಂಗು ಬಳಲಿದ್ದವು, ಬದಲಾಯಿಸಿದೆವು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆದು ಮೇನ್ ಶಾಫ್ಟಿನ ನಟ್ಟು ಸಡಿಲವಿದೆಯೇ ನೋಡಿದೆವು, ಏಕೆಂದರೆ ಅದು ಸಡಿಲಾದರೂ ಗೇರು ಬಿಟ್ಟುಕೊಳ್ಳುತ್ತದೆ. ನಟ್ಟು ಸರಿಯಾಗಿತ್ತು. ಗಾಡಿ ಹದಿನೈದು ದಿನ ಚೆನ್ನಾಗಿ ಓಡಿತು, ಆಮೇಲೆ ಮತ್ತೆ ಅದೇ ಕಥೆ.

ಶ್ರಾವಣದಲ್ಲಿ ಮಾಲೀಕರು ಎರಡನೇ ಸಲ ಬಂದಾಗ ಮನಸ್ಸಿನಲ್ಲಿ ಬೇರೆ ಲೆಕ್ಕ ಇಟ್ಟುಕೊಂಡೇ ಬಂದಿದ್ದರು. ಈ ಮೂರು ಗೇರಿನ ಸಹವಾಸವೇ ಬೇಡ, ಈಚಿನ ಡೀಸೆಲ್ ಜೀಪಿನ ಐದು ಗೇರಿನ ಬಾಕ್ಸ್ ಹಾಕಿಬಿಡಿ ಎಂದರು. ಇದು ಈ ಪ್ರಕರಣದ ಮೊದಲ ದೊಡ್ಡ ತೀರ್ಮಾನ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐದು ಗೇರಿನ ಬಾಕ್ಸು ಉದ್ದ. ಅದು ಉದ್ದವಾದಷ್ಟೂ ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಸರಿಯುತ್ತದೆ. 80 ಇಂಚಿನ ಗಿಡ್ಡ ಗಾಡಿಯಲ್ಲಿ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮೊದಲೇ ಚಿಕ್ಕದು, ಇನ್ನೂ ಚಿಕ್ಕದಾದರೆ ಅದರ ಓರೆ ಹೆಚ್ಚಿ ತುದಿಯ ಕ್ರಾಸ್ ಜಾಯಿಂಟನ್ನು ತಿನ್ನುತ್ತದೆ. ಮುಂದಿನ ಶಾಫ್ಟ್ ಉದ್ದ ಮಾಡಿಸಬೇಕು, ಫ್ಲೋರ್ ಕತ್ತರಿಸಬೇಕು, ಕ್ರಾಸ್ ಮೆಂಬರ್ ಸರಿಸಬೇಕು. ಇದರ ಜೊತೆಗೆ ಕಾಗದದ ವಿಷಯವೂ ಇತ್ತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ದಾರಿ ಆಯಿತು. ಛಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಅದರ ಷರತ್ತು. ಗೇರ್ ಬಾಕ್ಸಿನ ಹೆಸರು ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಬಾಕ್ಸಿಗಾಗಿ ಫ್ಲೋರ್ ಕತ್ತರಿಸಿದರೆ, ಛಾಸಿಯ ಅಡ್ಡಪಟ್ಟಿ ಸರಿಸಿದರೆ ಅದು ಬಾಡಿ, ಛಾಸಿಗೇ ಕೈ ಹಾಕಿದಂತೆ. ವಿಂಟೇಜ್ ನೋಂದಣಿ ಮಾಡಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ಅವರಿಗೆ ಈಗಲೇ ಅದು ಬೇಕಿರಲಿಲ್ಲ. ಆದರೆ ಮುಂದೆ ಮಗನಿಗೆ ಬೇಕಾಗಬಹುದು. ಒಮ್ಮೆ ಕತ್ತರಿಸಿದ ತಗಡನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ ಎಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಗಾಡಿ ಅಪ್ಪನ ಗಾಡಿಯಾಗೇ ಇರ್ಲಿ ಬುಡಣ್ಣ" ಎಂದರು. ಆ ತೀರ್ಮಾನ ಸರಿ ಎಂದು ಇವತ್ತಿಗೂ ನಂಬಿದ್ದೇನೆ.

ತಪ್ಪಿದ್ದು ಅದರ ಮುಂದಿನ ಹೆಜ್ಜೆ. ಉಳಿದದ್ದು ಎರಡು ದಾರಿ: ಇದೇ ಬಾಕ್ಸ್ ಬಿಚ್ಚಿ ಕಟ್ಟುವುದು, ಇಲ್ಲವೇ ಗುಜರಿಯಿಂದ ಇನ್ನೊಂದು ಟಿ-90 ತಂದು ಕೂರಿಸುವುದು. ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಎಂಬ ಆಸೆ ಅವರದು. ಬದಲಿ ಬಾಕ್ಸ್ ಆದರೆ ಮೂರು ದಿನದ ಕೆಲಸ ಎಂದು ನಾನೇ ಹೇಳಿದೆ. ಬೆಂಗಳೂರಿನ ಗುಜರಿಯಲ್ಲಿ 16,000 ರೂಪಾಯಿಗೆ ಒಂದು ಸಿಕ್ಕಿತು. ಕವರ್ ತೆಗೆದು ನೋಡಿದೆ, ಹಲ್ಲುಗಳು ಚೆನ್ನಾಗಿದ್ದವು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಹೇಳಿಕೊಳ್ಳುವ ಪ್ಲೇ (ಸಡಿಲ) ಇರಲಿಲ್ಲ.

ಹಳೆಯದನ್ನು ಇಳಿಸಿ, ಟ್ರಾನ್ಸ್‌ಫರ್ ಕೇಸ್ ಬೇರೆ ಮಾಡಿ, ತಂದ ಬಾಕ್ಸಿಗೆ ಜೋಡಿಸಿ ಏರಿಸಿದೆವು. ಇಲ್ಲಿ ಹುಡುಗರಿಗೆ ಒಂದು ಮಾತು: ಕೇಸನ್ನು ಹಿಂದಕ್ಕೆ ಎಳೆಯುವ ಮೊದಲು ಬಾಕ್ಸಿನೊಳಗೆ ಮೇನ್ ಶಾಫ್ಟಿಗೆ, ಸೆಕೆಂಡ್ ಗೇರಿನ ಹಿಂದೆ, ಒಂದು ತಂತಿ ಸುತ್ತಿ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಶಾಫ್ಟೂ ಕೇಸಿನ ಜೊತೆ ಹೊರಗೆ ಬಂದು ಒಳಗಿನ ಬಿಡಿ ಭಾಗಗಳೆಲ್ಲ ಕೆಳಗೆ ಸುರಿಯುತ್ತವೆ.

ಚಾಮುಂಡಿ ಬೆಟ್ಟಕ್ಕೆ ಹತ್ತಿಸಿ ಇಳಿಸಿದೆವು. ಎರಡನೇ ಗೇರು ಕಚ್ಚಿಕೊಂಡಿತ್ತು. ಎಲ್ಲರಿಗೂ ಸಂತೋಷ. ವಾಪಸ್ ಬರುವಾಗ ರಿಂಗ್ ರಸ್ತೆಯಲ್ಲಿ ಮೂರನೇ ಗೇರಿನಲ್ಲಿದ್ದಾಗ ಮುಂದೆ ಲಾರಿ ನಿಧಾನವಾಯಿತು ಎಂದು ಕಾಲು ತೆಗೆದೆ. ಲಿವರು ಹಿಂದಿನಿಂದ ನಡುವಿಗೆ ಬಂದು ನಿಂತಿತು.

ಬೆರಳು ಇಟ್ಟ ಜಾಗ

ಶೆಡ್ಡಿನಲ್ಲಿ ಆ ಸಂಜೆ ಮಾತು ಬಿಸಿಯಾಯಿತು. ಗುಜರಿಯವನು ಮೋಸ ಮಾಡಿದ, ವಾಪಸ್ ಕೊಟ್ಟು ಬರೋಣ ಎಂದು ಮಾಲೀಕರು. ಇನ್ನೊಂದು ಬಾಕ್ಸ್ ಹುಡುಕೋಣ ಎಂದು ನಾನು. ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ ಇದ್ದಾರೆ, ಈಗ ಕೆಲಸ ಕಡಿಮೆ ಮಾಡಿದ್ದಾರೆ, ಸಂಜೆ ಕಾಫಿಗೆ ಬಂದು ಕೂರುತ್ತಾರೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಎರಡು ಬೇರೆ ಬೇರೆ ಬಾಕ್ಸು. ಕಾಯ್ಲೆ ಮಾತ್ರ ಒಂದೇ. ಹಂಗಾದ್ರೆ ಕಾಯ್ಲೆ ಬಾಕ್ಸಲ್ಲಿ ಇಲ್ಲ ಕಣಪ್ಪ, ಬಾಕ್ಸು ಕೂತಿರೋ ಜಾಗದಲ್ಲಿದೆ."

ಮಾರನೆಯ ದಿನ ಮತ್ತೆ ಎಲ್ಲವನ್ನೂ ಇಳಿಸಿದೆವು. ಮೇಸ್ತ್ರಿ ಫ್ಲೈವೀಲಿನ ನಡುವಿನ ತೂತಿಗೆ ಕಿರುಬೆರಳು ಹಾಕಿ ಸುತ್ತಲೂ ಆಡಿಸಿ ನನ್ನ ಕಡೆ ನೋಡಿದರು. ಎಂಜಿನ್ನಿನ ತಿರುಗುವಿಕೆಯನ್ನು ಬಾಕ್ಸಿನೊಳಕ್ಕೆ ತರುವ ಟಾಪ್ ಶಾಫ್ಟಿನ ಮೂಗು ಕ್ರ್ಯಾಂಕಿನ ತುದಿಯಲ್ಲಿ ಕೂರುವ ಪೈಲಟ್ ಬುಷ್ ಅದು. ತೂತಿನ ಬಾಯಿ ಒಳಗಿಗಿಂತ ಅಗಲವಾಗಿ ಸವೆದಿತ್ತು. ಸವೆತ ಒಳಗೂ ಹೊರಗೂ ಸಮ ಇದ್ದಿದ್ದರೆ ವಯಸ್ಸಾಯಿತು ಎನ್ನಬಹುದಿತ್ತು. ಬಾಯಿಯ ಕಡೆಯೇ ಹೆಚ್ಚು ಸವೆದಿದೆ ಎಂದರೆ ಶಾಫ್ಟನ್ನು ಯಾವುದೋ ಒಂದು ಕಡೆಗೆ ಒತ್ತುತ್ತಿದೆ ಎಂದರ್ಥ.

ಕ್ಲಚ್ ಪೂರ್ತಿ ಬಿಚ್ಚಿ, ಫ್ಲೈವೀಲಿಗೆ ಅಯಸ್ಕಾಂತದ ಸ್ಟ್ಯಾಂಡಿನಲ್ಲಿ, ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಕೂರಿಸಿದೆವು. ಗೇಜಿನ ಕಡ್ಡಿಯ ತುದಿ, ಎಂಜಿನ್ನಿಗೂ ಬಾಕ್ಸಿಗೂ ನಡುವೆ ಇರುವ ಕ್ಲಚ್ ಹೌಸಿಂಗಿನ ಹಿಂದಿನ ದುಂಡು ಬಾಯಿಯ ಒಳಗೋಡೆಗೆ ತಾಗುವ ಹಾಗೆ ಇಟ್ಟು, ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದೆವು. ಗೇರ್ ಬಾಕ್ಸಿನ ಮೂತಿ ಕೂರುವುದು ಅದೇ ಬಾಯಿಯಲ್ಲಿ. ಮುಳ್ಳು ಒಟ್ಟು 18 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಓಡಾಡಿತು. ಈ ಅಳತೆಯಲ್ಲಿ ನಿಜವಾದ ವ್ಯತ್ಯಾಸ ಓಡಾಟದ ಅರ್ಧ, ಅಂದರೆ ಹೌಸಿಂಗಿನ ನಡುವು ಕ್ರ್ಯಾಂಕಿನ ನಡುವಿಗಿಂತ 9 ಥೌ ಪಕ್ಕಕ್ಕಿತ್ತು. ಒಂದು ಕಾಗದದ ದಪ್ಪದ ಎರಡರಷ್ಟು ಎಂದುಕೊಳ್ಳಿ. ಕಣ್ಣಿಗೆ ಎಂದೂ ಕಾಣುವುದಿಲ್ಲ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಗೇರು ಯಾಕೆ ಬಿಟ್ಟುಕೊಳ್ಳಬೇಕು ಎಂದು ಮಾಲೀಕರು ಕೇಳಿದರು. ಒಳ್ಳೆಯ ಪ್ರಶ್ನೆ. ಮೂರನೇ ಗೇರಿನಲ್ಲಿ ಟಾಪ್ ಶಾಫ್ಟು, ಮೇನ್ ಶಾಫ್ಟು ಎರಡೂ ಒಂದೇ ಕೋಲಿನಂತೆ ತಿರುಗಬೇಕು. ಅವೆರಡನ್ನೂ ಹಿಡಿದು ಕಟ್ಟುವುದು ಸಿಂಕ್ರೋದ ಹೊರಬಳೆ. ಟಾಪ್ ಶಾಫ್ಟಿನ ಮುಂದಿನ ತುದಿಯನ್ನು ಕ್ರ್ಯಾಂಕು ಒಂದು ಕಡೆ ಹಿಡಿದು, ಹಿಂದಿನ ಬೇರಿಂಗನ್ನು ಹೌಸಿಂಗು ಇನ್ನೊಂದು ಕಡೆ ಹಿಡಿದರೆ ಶಾಫ್ಟು ಓರೆಯಾಗಿ ತಿರುಗುತ್ತದೆ. ಪ್ರತಿ ಸುತ್ತಿಗೂ ಬಳೆಯ ಹಲ್ಲು ಒಂದೆಳೆ ಮುಂದೆ, ಒಂದೆಳೆ ಹಿಂದೆ ಆಡುತ್ತದೆ. ಎಂಜಿನ್ ಎಳೆಯುತ್ತಿರುವಾಗ ಹಲ್ಲುಗಳು ಒತ್ತಿಕೊಂಡಿರುವುದರಿಂದ ಬಳೆ ಕದಲುವುದಿಲ್ಲ. ಕಾಲು ತೆಗೆದ ಗಳಿಗೆಯಲ್ಲಿ ಒತ್ತಡ ಸಡಿಲವಾಗಿ ತಿರುವುಮುರುವು ಆಗುತ್ತದಲ್ಲ, ಆಗ ಬಳೆ ನಡೆದುಕೊಂಡು ಆಚೆ ಬರುತ್ತದೆ. ಎರಡನೇ ಗೇರಿನ ಕಥೆಯೂ ದೂರದ್ದಲ್ಲ: ಮೇನ್ ಶಾಫ್ಟಿನ ಮುಂದಿನ ತುದಿ ಟಾಪ್ ಶಾಫ್ಟಿನ ಹೊಟ್ಟೆಯೊಳಗೆ ಬಿಡಿ ರೋಲರುಗಳ ಮೇಲೆ ಕೂತಿರುತ್ತದೆ. ಒಂದು ಓಲಾಡಿದರೆ ಇನ್ನೊಂದೂ ಓಲಾಡುತ್ತದೆ.

ಹೌಸಿಂಗು ಪಕ್ಕಕ್ಕೆ ಸರಿದದ್ದು ಹೇಗೆ? ಮಾಲೀಕರಿಗೆ ನೆನಪಾಯಿತು. ಸುಮಾರು ಹನ್ನೆರಡು ವರ್ಷದ ಹಿಂದೆ ಎಂಜಿನ್ ಕೆಲಸವಾದಾಗ ಬಿರುಕುಬಿಟ್ಟ ಹೌಸಿಂಗ್ ತೆಗೆದು ಬೇರೆ ಜೀಪಿನದನ್ನು ಹಾಕಿದ್ದರಂತೆ. ಬ್ಲಾಕಿಗೆ ಹೌಸಿಂಗನ್ನು ಜಾಗದಲ್ಲಿ ನಿಲ್ಲಿಸುವ ಎರಡು ಡೋವೆಲ್ ಪಿನ್ ಇರಬೇಕಿತ್ತು, ಎರಡೂ ಇರಲಿಲ್ಲ. ಬರೀ ಬೋಲ್ಟಿನ ಮೇಲೆ ನಿಂತಿತ್ತು. ಬೋಲ್ಟಿನ ತೂತಿಗೆ ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ. ಬಿಗಿಯಲು ಅದು ಸಾಕು, ನಡುವು ಹಿಡಿಯಲು ಸಾಲದು.

ಈಗ ನನ್ನ ಪಾಲಿನದು ಹೇಳಬೇಕು. ಶೆಡ್ಡಿನಲ್ಲಿ ನಾನು ಕೆಲಸದ ಪುಸ್ತಕ ಇಡುತ್ತೇನೆ. ಅಂದು ರಾತ್ರಿ ತೆಗೆದು ನೋಡಿದರೆ, ಎರಡು ವರ್ಷದ ಹಿಂದೆ ಇದೇ ಗಾಡಿಯ ಕ್ಲಚ್ ಪ್ಲೇಟನ್ನು ನಾನೇ ಬದಲಾಯಿಸಿದ್ದೆ. "ಪ್ಲೇಟಿನ ನಡುವಿನ ಹಲ್ಲು ಬೇಗ ಸವೆದಿದೆ, ಮುಂದಿನ ಸೀಲಿನಿಂದ ಎಣ್ಣೆ" ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಎರಡೂ ಶಾಫ್ಟು ಓರೆಯಾಗಿದೆ ಎಂದು ಹೇಳುವ ಗುರುತುಗಳೇ. ಕಂಡದ್ದನ್ನು ಬರೆದಿದ್ದೆ, ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಮೇಲುಕೋಟೆಯ ಇಳಿಜಾರಿನಲ್ಲಿ ಆ ತಾಯಿ, ಮಕ್ಕಳು ಹೆದರಿಕೊಂಡು ಕೂತದ್ದು ಅದರ ಆಚೆ. ಈ ವಿಷಯ ಮಾಲೀಕರಿಗೆ ಹೇಳಿದೆ. ಕೆಲಸದ ಕೂಲಿ ಅಲ್ಲಿಂದಾಚೆಗೆ ತೆಗೆದುಕೊಳ್ಳಲಿಲ್ಲ.

ಹೌಸಿಂಗಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಮರದ ಸುತ್ತಿಗೆಯಿಂದ ತಟ್ಟುತ್ತಾ, ಡಯಲ್ ನೋಡುತ್ತಾ, ಬಿಗಿದು ಮತ್ತೆ ನೋಡುತ್ತಾ ಒಂದು ಇಡೀ ದಿನ ಕಳೆದೆವು. ಬಿಗಿಯುವಾಗ ಸರಿಯುತ್ತದೆ, ಅದೇ ಕಷ್ಟ. ಕೊನೆಗೆ ಮುಳ್ಳಿನ ಓಟ 4 ಥೌಗೆ ಬಂತು. ಹಿಂದಿನ ಮುಖ ಓರೆಯಿದೆಯೇ ಎಂದೂ ನೋಡಿದೆವು, 3 ಥೌ ಇತ್ತು, ಬಿಟ್ಟೆವು. ಹಾಗೇ ಬಿಗಿದಿಟ್ಟು, ಎರಡು ಡೋವೆಲ್ ತೂತನ್ನೂ ರೀಮರ್ ಹಾಕಿ ಒಂದು ಸೈಜು ದೊಡ್ಡದು ಮಾಡಿ, ಲೇತಿನಲ್ಲಿ ಪಿನ್ನು ತಿರುಗಿಸಿ ಹೊಡೆದೆವು. ಹಳೆ ಪೈಲಟ್ ಬುಷ್ ತೆಗೆಯಲು ತೂತಿನ ತುಂಬ ಗ್ರೀಸ್ ತುಂಬಿ, ಅದೇ ಗಾತ್ರದ ಸಲಾಕೆ ಇಟ್ಟು ಹೊಡೆದರೆ ಗ್ರೀಸೇ ಹಿಂದಿನಿಂದ ಬುಷ್ಷನ್ನು ತಳ್ಳಿ ಹೊರಗೆ ಹಾಕುತ್ತದೆ. ಬೇರೆ ಯಾವ ಸಾಧನವೂ ಬೇಡ.

ಎರಡು ಬಾಕ್ಸ್ ಸೇರಿ ಒಂದು

ಈಗ ಯಾವ ಬಾಕ್ಸ್ ಹಾಕುವುದು? ತಂದ ಬಾಕ್ಸನ್ನು ಹಾಗೇ ಏರಿಸಿದರೆ ದಸರೆಗೆ ಗಾಡಿ ಸಿದ್ಧ. ಮೇಸ್ತ್ರಿ ಬೇಡ ಎಂದರು. ಇಳಿಸಿದ್ದಾಗಿದೆ, ಎರಡನ್ನೂ ಬಿಚ್ಚಿ ನೋಡು ಎಂದರು.

ಹಳೆ ಬಾಕ್ಸಿನ ಎಣ್ಣೆ ತಟ್ಟೆಗೆ ಸುರಿದಾಗ ಚಿನ್ನದ ಪುಡಿಯಂತೆ ಮಿನುಗುತ್ತಿತ್ತು. ಅಯಸ್ಕಾಂತ ಆಡಿಸಿದರೆ ಅಂಟಿದ್ದು ಕಡಿಮೆ, ಉಳಿದದ್ದೆಲ್ಲ ಹಿತ್ತಾಳೆ: ಸಿಂಕ್ರೋ ರಿಂಗಿನ ಪುಡಿ. ಮಾಲೀಕರು ಒಳ್ಳೆಯದು ಎಂದು ಜಿಎಲ್-5 ದರ್ಜೆಯ 90 ನಂಬರ್ ಎಣ್ಣೆ ಹಾಕಿಸುತ್ತಿದ್ದರು. ಅದು ಆಕ್ಸಲ್ಲಿಗೆ ಒಳ್ಳೆಯದೇ. ಆದರೆ ಅದರಲ್ಲಿರುವ ಗಂಧಕದ ಸೇರ್ಪಡೆ ಹಿತ್ತಾಳೆಯಂಥ ಲೋಹವನ್ನು ತಿನ್ನಬಲ್ಲದು. ಈ ಬಾಕ್ಸಿಗೆ ಜಿಎಲ್-4 ಸಾಕು.

ಎರಡೂ ಬಾಕ್ಸಿನ ಭಾಗಗಳನ್ನು ಎರಡು ಗೋಣಿತಾಟಿನ ಮೇಲೆ ಅಕ್ಕಪಕ್ಕ ಹರಡಿದೆವು. ಹಳೆಯದರ ಒಂದನೇ ಗೇರಿನ ಹಲ್ಲಿನ ತುದಿಗಳು ದುಂಡಗಾಗಿದ್ದವು, ಗಾಡಿ ಉರುಳುತ್ತಿರುವಾಗಲೇ ಹಾಕಿ ಹಾಕಿ. ಸಿಂಕ್ರೋ ಬಳೆಯ ಹಲ್ಲು ಚೂಪು ಕಳೆದುಕೊಂಡು ಇಳಿಜಾರಾಗಿತ್ತು. ತಂದದ್ದರಲ್ಲಿ ಗೇರು ಚೆನ್ನ, ಆದರೆ ಕೇಸಿನಲ್ಲಿ ಕೆಳಗಿನ ಶಾಫ್ಟ್ ಕೂರುವ ತೂತು ಅಗಲವಾಗಿ ಎಣ್ಣೆ ಸೋರಿದ ಗುರುತಿತ್ತು. ಹೊರಗಿನಿಂದ ನೋಡಿದಾಗ ನನಗೆ ಇದು ಕಂಡಿರಲಿಲ್ಲ. ಹಾಗಾಗಿ ಕೇಸು ಹಳೆಯದು, ಒಳಗಿನ ಗೇರು ತಂದದ್ದು ಎಂದಾಯಿತು. ಇಲ್ಲಿ ಒಂದು ನಿಯಮ ಬಿಡಲಿಲ್ಲ: ಒಟ್ಟಿಗೆ ತಿರುಗಿ ಸವೆದ ಹಲ್ಲುಗಳನ್ನು ಅಗಲಿಸಬಾರದು. ಕೆಳಗಿನ ಶಾಫ್ಟಿನ ಮೇಲೆ ಕೂರುವ ಕ್ಲಸ್ಟರ್ ಗೇರ್ (ಹಲವು ಗೇರು ಸೇರಿ ಒಂದೇ ತುಂಡಾದದ್ದು) ತಂದದ್ದು ಎಂದ ಮೇಲೆ ಅದಕ್ಕೆ ಕೂಡುವ ಟಾಪ್ ಶಾಫ್ಟು, ಸೆಕೆಂಡ್ ಗೇರು, ಒಂದನೇ ಗೇರು ಎಲ್ಲವೂ ಅದೇ ಬಾಕ್ಸಿನದು. ಸಿಂಕ್ರೋ ರಿಂಗು, ಬೇರಿಂಗು, ಥ್ರಸ್ಟ್ ವಾಷರ್, ಸೀಲು ಹೊಸದು. ಕ್ಲಸ್ಟರಿನ ಉದ್ದದ ಪ್ಲೇ ಹಳೆ ವಾಷರಿನಲ್ಲಿ 30 ಥೌ ಇದ್ದದ್ದು ಹೊಸದರಲ್ಲಿ 15ಕ್ಕೆ ಬಂತು.

ಕ್ಲಸ್ಟರಿನ ಒಳಗೆ ಸೂಜಿಯಂಥ ಬಿಡಿ ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ ಜೋಡಿಸಬೇಕು. ಅವು ಬೀಳದಂತೆ ಗೇರಿನಷ್ಟೇ ಉದ್ದದ ಒಂದು ಡಮ್ಮಿ ಶಾಫ್ಟನ್ನು ಲೇತಿನಲ್ಲಿ ಮಾಡಿಸಿಕೊಂಡು ಒಳಗಿಟ್ಟೆವು. ಕೇಸಿನೊಳಗೆ ಗೇರು ಇಳಿಸಿ ನಿಜವಾದ ಶಾಫ್ಟನ್ನು ಹಿಂದಿನಿಂದ ತಳ್ಳಿದರೆ ಡಮ್ಮಿ ಮುಂದಿನಿಂದ ಆಚೆ ಬರುತ್ತದೆ. ಆಯುಧಪೂಜೆಯ ಹಿಂದಿನ ರಾತ್ರಿ ಹತ್ತೂವರೆಗೆ ಬಾಕ್ಸ್ ಮುಚ್ಚಿದೆವು. ಬೆಳಗ್ಗೆ ಏರಿಸಿದರೆ ಮಧ್ಯಾಹ್ನಕ್ಕೆ ಗಾಡಿ ಊರಲ್ಲಿ. ಬೆಂಚು ಒರೆಸುತ್ತಿದ್ದ ಹುಡುಗ ತಟ್ಟೆಯ ಅಂಚಿಗೆ ಅಂಟಿದ್ದ ಒಂದು ರೋಲರ್ ಎತ್ತಿಕೊಂಡು ಬಂದ. ಹದಿನೆಂಟರ ಹುಡುಗ, ಕೈ ನಡುಗುತ್ತಿತ್ತು. "ಇದು ಹಳೆ ಸೆಟ್ಟಿಂದು ಇರ್ಬೋದಲ್ವಾಣ್ಣ?" ಎಂದ. ಇರಬಹುದಿತ್ತು. ಹೊಸ ಸೆಟ್ಟಿನ ರೋಲರ್‌ಗಳನ್ನು ಜೋಡಿಸುವಾಗ ನಾವು ಎಣಿಸಿದ್ದರೆ ಗೊತ್ತಾಗುತ್ತಿತ್ತು, ಎಣಿಸಿರಲಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. ನಾಳೆ ಗಾಡಿ ಬರುವುದಿಲ್ಲ ಎಂದೆ. ಮನೆಯಲ್ಲಿ ನೆಂಟರು ಬಂದಿದ್ದರು, ಬೂದುಗುಂಬಳ ತಂದಿಟ್ಟಾಗಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೆಳಗ್ಗೆ ತಾಯಿಯನ್ನು ಕರೆದುಕೊಂಡು ಶೆಡ್ಡಿಗೇ ಬಂದರು. ಸ್ಪ್ಯಾನರು, ಲೇತು, ಡಯಲ್ ಗೇಜಿನ ಜೊತೆಗೆ ಬೆಂಚಿನ ಮೇಲೆ ಕೂತಿದ್ದ ಗೇರ್ ಬಾಕ್ಸಿಗೂ ಆ ತಾಯಿ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಹೂ ಮುಡಿಸಿದರು. ಹಬ್ಬ ಕಳೆದ ಮೇಲೆ ಬಿಚ್ಚಿದೆವು. ಹಿಂದಿನ ಸಾಲಿನಲ್ಲಿ ಒಂದು ರೋಲರ್ ಕಡಿಮೆ ಇತ್ತು. ಹಾಗೇ ಓಡಿಸಿದ್ದರೆ ಉಳಿದವು ಓರೆಯಾಗಿ ಶಾಫ್ಟನ್ನೇ ಕೆರೆದುಬಿಡುತ್ತಿದ್ದವು. ಈಗ ನಮ್ಮಲ್ಲಿ ಬಿಡಿ ರೋಲರುಗಳನ್ನು ಮೊಟ್ಟೆ ತಟ್ಟೆಯಲ್ಲಿ ಎಣಿಸಿಟ್ಟು, ಸಂಖ್ಯೆಯನ್ನು ಕೇಸಿನ ಮೇಲೆ ಚಾಕ್‌ನಲ್ಲಿ ಬರೆದ ಮೇಲೆಯೇ ಜೋಡಣೆ ಶುರು.

ಆಮೇಲೆ

ಒಟ್ಟು ಖರ್ಚು 38,500 ರೂಪಾಯಿ ಆಯಿತು, ಗುಜರಿ ಬಾಕ್ಸಿನ ಹಣವೂ ಸೇರಿ. ಮೊದಲೇ ಡಯಲ್ ಇಟ್ಟು ನೋಡಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಹಳೆ ಬಾಕ್ಸಿನ ಗೇರು ಹೇಗೂ ಸವೆದಿದ್ದರಿಂದ ಭಾಗಗಳಿಗೆ ಅಷ್ಟೇ ಹಣ ಬೇಕಾಗುತ್ತಿತ್ತೋ ಏನೋ, ಆದರೆ ಒಂದು ಸಲ ಇಳಿಸಿ ಏರಿಸಿದ ಕೂಲಿ, ಎರಡು ತಿಂಗಳ ಕಾಲ ಉಳಿಯುತ್ತಿತ್ತು. ಗೇರು ಬಿಟ್ಟುಕೊಳ್ಳುತ್ತದೆ ಎಂದು ಯಾವ ಹಳೆ ಗಾಡಿ ಬಂದರೂ ಈಗ ಬಾಕ್ಸ್ ಬಿಚ್ಚುವ ಮೊದಲು ಪೈಲಟ್ ಬುಷ್, ಹೌಸಿಂಗ್ ಅಳೆಯುತ್ತೇವೆ. ಅರ್ಧ ದಿನದ ಕೆಲಸ.

ದೀಪಾವಳಿಗೆ ಮೊದಲು ಮಾಲೀಕರೂ ನಾನೂ ಮೇಲುಕೋಟೆಗೆ ಹೋಗಿ ಬಂದೆವು. ಇಳಿಯುವಾಗ ಅವರ ಎಡಗೈ ಅಭ್ಯಾಸಬಲದಿಂದ ಲಿವರಿನ ಮೇಲೇ ಇತ್ತು, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ಕೈ ತೆಗೀರಿ ಎಂದೆ. ತೆಗೆಯಲಿಲ್ಲ. ಎರಡು ತಿರುವು ಕಳೆದ ಮೇಲೆ ತಾವಾಗಿಯೇ ತೆಗೆದು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದರು. ಲಿವರು ಸಣ್ಣಗೆ ನಡುಗುತ್ತಾ ಇದ್ದ ಜಾಗದಲ್ಲೇ ಇತ್ತು.

1,000 ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿದೆವು. ಬಿಳಿ ತಟ್ಟೆಯಲ್ಲಿ ಹೊಸ ರಿಂಗುಗಳು ಕೂತುಕೊಳ್ಳುವಾಗ ಬಿಡುವ ಅಲ್ಪ ಮಿನುಗು ಬಿಟ್ಟರೆ ಬೇರೆ ಇರಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲಿನಿಂದ ಹ್ಯಾಂಡ್‌ಬ್ರೇಕ್ ಡ್ರಮ್ಮಿಗೆ ಎಣ್ಣೆ ಜಿನುಗುತ್ತಿದೆ, ಅದೊಂದು ಬಾಕಿ. ಕಬ್ಬು ಕಟಾವು ಮುಗಿದ ಮೇಲೆ ಗಾಡಿ ತಂದು ಬಿಡುತ್ತೇನೆ ಎಂದಿದ್ದಾರೆ.